ನಮ್ಮ ಶಾಲೆಯ ರಂಗಸ್ಥಳಕ್ಕೆ ಥರ್ಮೋಕೋಲ್ ಇನ್ನು ಸಾಕು

ಜನವರಿ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಒಂದು ವಾಸನೆ ಶುರುವಾಗುತ್ತದೆ. ವಾರ್ಷಿಕೋತ್ಸವದ ಹಿಂದಿನ ಸಂಜೆ ಏಳನೇ ಕ್ಲಾಸಿನ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಪೇಪರ್ ಅಂಟಿಸಿ, ಒಳಗೆ ನಾಲ್ಕು ಜನ ಮಾಷ್ಟ್ರುಗಳು ಮತ್ತು ಹತ್ತು ಮಕ್ಕಳು ಸೇರಿ ಥರ್ಮೋಕೋಲಿನ ಕಿರೀಟಕ್ಕೆ ಚಿನ್ನದ ಬಣ್ಣದ ಸ್ಪ್ರೇ ಹೊಡೆಯುವ ವಾಸನೆ ಅದು. ಮರುದಿನ ಅದೇ ಕೋಣೆ ಗ್ರೀನ್ ರೂಮ್. ತಲೆ ಸಿಡಿಯುತ್ತದೆ ಎಂದು ಯಾವ ಮಗುವಾದರೂ ಹೇಳಿದರೆ "ಹಸಿವಾಗಿರಬೇಕು, ಬಿಸ್ಕೆಟ್ ಕೊಡಿ" ಎನ್ನುತ್ತೇವೆ. ನಾವೂ ಹಾಗೇ ಹೇಳಿದವರೇ. ಒಂದಲ್ಲ, ಹತ್ತಾರು ವರ್ಷ ಹೇಳಿದ್ದೇವೆ. ಹಾಗಾಗಿ ಇಲ್ಲಿ ಬೈಯುವುದೆಲ್ಲ ಮೊದಲು ನಮಗೇ ಅಂತ ಇಟ್ಟುಕೊಳ್ಳಿ.

ಭೀಮನ ಗದೆಯ ಸಂಗತಿ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳು ದುರ್ಯೋಧನ ವಧೆಯ ನಾಟಕ ಆಡಿದರು. ಐದನೇ ಕ್ಲಾಸಿನ ಹುಡುಗನೊಬ್ಬ ಭೀಮ. ಮಾತು ತೊದಲುತ್ತಿದ್ದ ಹುಡುಗ, ಆ ಒಂದು ಪಾತ್ರಕ್ಕಾಗಿ ತಿಂಗಳುಗಟ್ಟಲೆ ಸಾಲು ಬಾಯಿಪಾಠ ಮಾಡಿದ್ದ. ಥರ್ಮೋಕೋಲಿನ ತುಂಡುಗಳನ್ನು ಅಂಟಿಸಿ, ಉಜ್ಜಿ, ಎಷ್ಟು ಚಂದದ ಗದೆ ಮಾಡಿದ್ದೆವು ಅಂತೀರಿ! ರಾತ್ರಿ ಒಂಬತ್ತಕ್ಕೆ ಸ್ಪ್ರೇ ಹೊಡೆದು ಮನೆಗೆ ಹೋದೆವು. ಬೆಳಿಗ್ಗೆ ಆ ಹುಡುಗ ಓಡಿ ಬಂದು ಹೇಳಿದ್ದು ಇಷ್ಟೇ: "ಸಾರ್, ಗದೆ ಕರಗಿದೆ." ಹೋಗಿ ನೋಡಿದರೆ ಗದೆಯ ಮೈಯೆಲ್ಲ ಗೆದ್ದಲು ತಿಂದ ಮರದ ಹಾಗೆ ತೂತು. ಕೊನೆಗೆ ಕ್ರಿಕೆಟ್ ಬ್ಯಾಟಿಗೆ ಚಿನ್ನದ ಕಾಗದ ಸುತ್ತಿ ಕೈಗೆ ಕೊಟ್ಟೆವು. ಭೀಮ ಬ್ಯಾಟು ಹಿಡಿದು ಬಂದ ಕೂಡಲೇ ಸಭೆಯಲ್ಲಿ ನಗು. ಹುಡುಗನಿಗೆ ಎರಡನೇ ಸಾಲೇ ಮರೆತುಹೋಯಿತು.

ಆ ನಗು ಕೇಳಿದ ಮೇಲೂ ನಾವು ಮರುವರ್ಷ ಏನು ಮಾಡಿದೆವು ಗೊತ್ತೇ? ಸ್ಪ್ರೇ ಹೊಡೆಯುವ ಮೊದಲು ಥರ್ಮೋಕೋಲಿಗೆ ಫೆವಿಕಾಲ್ ಬಳಿದೆವು. ಅಷ್ಟೇ ನಮ್ಮ ಜ್ಞಾನೋದಯ!

ಅದು ಕರಗಿದ್ದು ಯಾಕೆ? ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಉಬ್ಬಿಸಿದ್ದು, ಅದರ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಗಾಳಿ. ಸ್ಪ್ರೇ ಡಬ್ಬಿಯೊಳಗಿನ ಅಸಿಟೋನ್, ಟಾಲ್ವೀನ್, ಕ್ಸೈಲೀನ್‌ನಂಥ ದ್ರಾವಕಗಳು ಪಾಲಿಸ್ಟೈರೀನನ್ನು ಕರಗಿಸುತ್ತವೆ. ಉಪ್ಪು ನೀರಿನಲ್ಲಿ ಕರಗುವ ಪಾಠವನ್ನು ನಾವು ಪ್ರತಿವರ್ಷ ಮಾಡುತ್ತೇವೆ. ದ್ರಾವ್ಯ, ದ್ರಾವಕ, ದ್ರಾವಣ ಎಂದು ಮಕ್ಕಳಿಂದ ಹೇಳಿಸುತ್ತೇವೆ. ಪಕ್ಕದ ಕೋಣೆಯಲ್ಲಿ ಗದೆ ಕರಗುವಾಗ ಮಾತ್ರ ನಮಗೆ ಆ ಮೂರು ಶಬ್ದ ನೆನಪಾಗುವುದಿಲ್ಲ. ಗದೆಯನ್ನು ಕರಗಿಸಿದ ಅದೇ ಆವಿ ರಾತ್ರಿಯಿಡೀ ಮುಚ್ಚಿದ ಕೋಣೆಯಲ್ಲಿತ್ತು, ಬೆಳಿಗ್ಗೆ ಮಕ್ಕಳು ಅದನ್ನೇ ಉಸಿರಾಡಿದರು ಎಂಬುದೂ ಹೊಳೆಯಲಿಲ್ಲ. ಡಬ್ಬಿಯ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಕನ್ನಡ ಮಾಧ್ಯಮದ ಮಗು ಅದನ್ನು ಓದಲಿಲ್ಲ ಅಂದರೆ ತಪ್ಪು ಮಗುವಿನದಲ್ಲ. ಓದಬಲ್ಲ ನಾವು ಓದಲಿಲ್ಲವಲ್ಲ!

ಇನ್ನು ಕಾನೂನು. ಕೇರಳ ಸರಕಾರ 2020ರ ಜನವರಿ 1ರಿಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧಿಸಿದಾಗ ಥರ್ಮೋಕೋಲಿನ ತಟ್ಟೆ, ಲೋಟದ ಜೊತೆಗೆ ಥರ್ಮೋಕೋಲಿನ ಅಲಂಕಾರ ಸಾಮಗ್ರಿಯನ್ನೂ ಸೇರಿಸಿತು. ಕೇಂದ್ರ ಸರಕಾರ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮ 2022ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಗೆ ಬಂತು. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟಗಳ ಜೊತೆ ಅಲಂಕಾರದ ಥರ್ಮೋಕೋಲ್ ಕೂಡ ಆ ಪಟ್ಟಿಯಲ್ಲಿ ಹೆಸರು ಹೇಳಿಯೇ ಇದೆ. ಇದನ್ನು ಪಿಟಿಎ ಸಭೆಯಲ್ಲಿ ಹೇಳಿದಾಗ ಒಬ್ಬರು ಎದ್ದು ನಿಂತು, "ಗದೆ ಅಲಂಕಾರ ಅಲ್ಲ ಮಾಷ್ಟ್ರೇ, ಅದು ಆಯುಧ" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಹಸಿರು ಶಾಲೆ ಅಂತ ಗೇಟಿಗೆ ಬೋರ್ಡು ಹಾಕಿ, ಪ್ಲಾಸ್ಟಿಕ್ ಬೇಡ ಎಂದು ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ, ಅದೇ ಮಕ್ಕಳ ತಲೆಗೆ ಥರ್ಮೋಕೋಲ್ ಕಿರೀಟ ಇಡುವುದಕ್ಕೆ ಯಾವ ನಾಟಕದಲ್ಲಿ ಏನೆನ್ನುತ್ತಾರೆ, ಹೇಳಿ.

ನಾವು ಇದನ್ನು ಬಿಡದಿರುವುದಕ್ಕೆ ಕಾರಣ ಅಜ್ಞಾನ ಒಂದೇ ಅಲ್ಲ. ಒಳಗೊಳಗೆ ಒಂದು ಅಂಜಿಕೆ ಇದೆ. ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆಯ ವಾರ್ಷಿಕೋತ್ಸವದಲ್ಲಿ ಬಾಡಿಗೆಯ ವೇಷ, ಥಳಥಳ ಹೊಳೆಯುವ ಕಿರೀಟ. ನಮ್ಮದು ಬಡವರ ಶಾಲೆ, ಕನ್ನಡ ಶಾಲೆ ಎಂಬ ಮಾತು ಬಂದೀತು ಎಂಬ ಹೆದರಿಕೆಗೆ ನಾವು ದೂರದಿಂದ ಹೊಳೆದರೆ ಸಾಕು ಎಂಬ ದಾರಿ ಹಿಡಿದೆವು. ಥರ್ಮೋಕೋಲ್ ದೂರದಿಂದ ಹೊಳೆಯುತ್ತದೆ, ಒಂದೇ ರಾತ್ರಿಯಲ್ಲಿ ತಯಾರಾಗುತ್ತದೆ, ಮಕ್ಕಳ ಕೈ ಬೇಡ. ಆ ಮೂರನೆಯದೇ ನಮಗೆ ಈಗ ಎಲ್ಲಕ್ಕಿಂತ ದೊಡ್ಡ ದೋಷವಾಗಿ ಕಾಣುತ್ತದೆ. ಮಗು ಮಾಡದ ಕಿರೀಟ ಬಾಡಿಗೆಯ ಕಿರೀಟದಷ್ಟೇ ಪರಕೀಯ.

ಹಾಗಾದರೆ ಯಾವುದರಲ್ಲಿ ಮಾಡುವುದು? ಫೋಮ್ ಅಂತ ಅಂಗಡಿಯಲ್ಲಿ ಕೇಳಿದರೆ ಮೂರು ಬೇರೆ ಬೇರೆ ವಸ್ತು ಕೊಡುತ್ತಾರೆ, ಮೂರೂ ಒಂದೇ ಎಂದು ತಿಳಿದು ನಾವು ದುಡ್ಡು ಹಾಳು ಮಾಡಿದ್ದೇವೆ. ಸೋಫಾದ ಹಳದಿ ಸ್ಪಂಜು ಒಂದು. ಅದು ಪೈಂಟನ್ನು ನೀರಿನ ಹಾಗೆ ಕುಡಿಯುತ್ತದೆ, ವರ್ಷ ಕಳೆದರೆ ಪುಡಿ ಉದುರುತ್ತದೆ, ಬೆಂಕಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬೇಡವೇ ಬೇಡ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಸುತ್ತಿ ಬರುವ ಬಿಳಿ, ಜಾರುವ ಹಾಳೆ ಇನ್ನೊಂದು. ಅದು ಪಾಲಿಥೀನಿನ ಫೋಮ್. ಪುಕ್ಕಟೆ ಸಿಗುತ್ತದೆ, ನಿಜ, ಆದರೆ ಅದಕ್ಕೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಒಣಗಿದ ಮೇಲೆ ಹಾವಿನ ಪೊರೆಯಂತೆ ಎದ್ದು ಬರುತ್ತದೆ.

ಮೂರನೆಯದು ಇವಿಎ. ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಕೆಲವರಿಗೆ ತಿಳಿಯದು. ಮಕ್ಕಳ ಕ್ರಾಫ್ಟಿನ ಬಣ್ಣದ ಫೋಮ್ ಶೀಟ್ ಎನ್ನಿ, ಎರಡು ಮಿಲಿಮೀಟರ್ ದಪ್ಪದ್ದು ಕೊಡುತ್ತಾರೆ. ಅಂಗನವಾಡಿಯಲ್ಲಿ ಒಂದಕ್ಕೊಂದು ಹಲ್ಲು ಸಿಕ್ಕಿಸಿ ನೆಲಕ್ಕೆ ಹಾಸುವ ಚೌಕದ ಚಾಪೆ ಇದೆಯಲ್ಲ, ಅದೂ ಅದೇ, ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ. ಈಗಿನ ಹಗುರ ಚಪ್ಪಲಿಯ ಅಟ್ಟೆಯೂ ಹೆಚ್ಚಾಗಿ ಅದೇ. ಕತ್ತರಿಗೆ ಬಗ್ಗುತ್ತದೆ, ಬಿದ್ದರೆ ಒಡೆಯುವುದಿಲ್ಲ, ಮಕ್ಕಳು ಗದೆಯಲ್ಲಿ ನಿಜವಾಗಿ ಹೊಡೆದುಕೊಂಡರೂ (ಹೊಡೆದುಕೊಳ್ಳುತ್ತಾರೆ, ಅನುಮಾನ ಬೇಡ) ಗಾಯವಾಗುವುದಿಲ್ಲ. ಬಿಸಿ ತಾಗಿಸಿ ಬಗ್ಗಿಸಿ ಹಿಡಿದರೆ ತಣಿದ ಮೇಲೆ ಅದೇ ಬಾಗು ನಿಲ್ಲುತ್ತದೆ. ತೆಳು ಹಾಳೆಗೆ ಮೇಲೆ ಕಾಗದ ಹಾಕಿ ಇಸ್ತ್ರಿಪೆಟ್ಟಿಗೆ ಸಾಕು, ಚಾಪೆಗೆ ಹೀಟ್ ಗನ್ ಬೇಕು. ಬಿಸಿಯ ಕೆಲಸ ದೊಡ್ಡವರದ್ದು, ಅದೂ ಅಂಗಳದಲ್ಲಿ.

ಗದೆಯ ಗುಂಡು ಹೇಗೆ ಮಾಡುವುದೆಂದು ಏಳನೇ ಕ್ಲಾಸಿನ ಮಕ್ಕಳಿಗೆ ಕೇಳಿದೆವು. ಒಬ್ಬಳು ಕಿತ್ತಳೆ ಹಣ್ಣು ಸುಲಿದು ತೋರಿಸಿದಳು. ಅದೇ ಲೆಕ್ಕ! ಗುಂಡಿನ ವ್ಯಾಸ 21 ಸೆಂಟಿಮೀಟರ್ ಇರಲಿ. ಅದನ್ನು ಏಳರಲ್ಲಿ ಇಪ್ಪತ್ತೆರಡರಿಂದ ಗುಣಿಸಿದರೆ ಸುತ್ತಳತೆ 66. ಆರು ಎಸಳು ಮಾಡಿದರೆ ಪ್ರತಿ ಎಸಳು ನಡುವಿನಲ್ಲಿ 11 ಸೆಂಟಿಮೀಟರ್ ಅಗಲ, ತುದಿಯಿಂದ ತುದಿಗೆ ಸುತ್ತಳತೆಯ ಅರ್ಧ, ಅಂದರೆ 33. ಅರವತ್ತು ಸೆಂಟಿಮೀಟರಿನ ಚಾಪೆ ಒಂದರಲ್ಲೇ ಆರೂ ಎಸಳು ಹೊರಡುತ್ತವೆ. ಐದನ್ನು ನೆಟ್ಟಗೆ, ಆರನೆಯದನ್ನು ಅಡ್ಡಕ್ಕೆ ಇಡಬೇಕು, ಇದನ್ನೂ ಮಕ್ಕಳೇ ಕಂಡುಹಿಡಿದದ್ದು. ಪೈ ಯಾಕೆ ಕಲಿಯಬೇಕು ಸಾರ್ ಎಂದು ಕೇಳುತ್ತಿದ್ದವರ ಬಾಯಿ ಆ ದಿನ ಮುಚ್ಚಿತು. ಹಿಡಿಗೆ ವಯರಿಂಗಿನ ಪಿವಿಸಿ ಪೈಪು, ಅದರ ಮೇಲೆ ಫೋಮ್ ಸುತ್ತು, ಪೈಪಿನ ತುದಿ ಎಲ್ಲಿಯೂ ಹೊರಗೆ ಇಣುಕಬಾರದು.

ಅಂಟಿನ ವಿಷಯದಲ್ಲಿ ನಾವು ಒಂದು ಜಗಳ ಮಾಡಲೇಬೇಕು. ಎಸಳು ಗಟ್ಟಿಯಾಗಿ ಕೂರಬೇಕಾದರೆ ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಅಂಟೇ ಬೇಕು. ಎರಡೂ ಅಂಚಿಗೆ ತೆಳ್ಳಗೆ ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹಸಿಯಲ್ಲೇ ಒತ್ತಿ "ಈ ಅಂಟು ಹಿಡಿಯುವುದಿಲ್ಲ" ಎಂದು ದೂರುವವರೇ ಹೆಚ್ಚು. ಆದರೆ ಆ ಅಂಟಿನಲ್ಲೂ ಟಾಲ್ವೀನಿನಂಥ ದ್ರಾವಕವೇ ಇರುವುದು. ಸ್ಪ್ರೇ ಬೇಡ ಎಂದು ಸಾರಿ, ಈ ಅಂಟನ್ನು ಮಕ್ಕಳ ಕೈಗೆ ಕೊಟ್ಟರೆ ನಮ್ಮ ಮಾತಿಗೆ ಕಿಮ್ಮತ್ತಿಲ್ಲ. ಹಾಗಾಗಿ ಅಂಟಿಸುವುದು ಮಾಷ್ಟ್ರುಗಳು, ಮರದ ಕೆಳಗೆ ಕೂತು. ಮಕ್ಕಳು ಅಳೆಯಲಿ, ಗೆರೆ ಎಳೆಯಲಿ, ಕತ್ತರಿಸಲಿ, ಬಣ್ಣ ಹಚ್ಚಲಿ. ಬ್ಲೇಡಿನ ಕೆಲಸವೂ ನಮ್ಮದೇ.

ಇನ್ನು ಬಣ್ಣ. ಇಲ್ಲಿಯೇ ನಮ್ಮ ಶಾಲೆಗಳು ಹೆಚ್ಚು ಎಡವುವುದು. ಸ್ಟೋರ್ ರೂಮಿನ ಮೂಲೆಯಲ್ಲಿ ಬೆಂಚಿಗೋ ಗೇಟಿಗೋ ಬಳಿದು ಉಳಿದ ಎನಾಮೆಲ್ ಡಬ್ಬ ಒಂದಿರುತ್ತದೆ, "ದುಡ್ಡು ಉಳಿಯಿತು" ಎಂದು ಅದನ್ನೇ ತೆರೆಯುತ್ತೇವೆ. ಫೋಮಿನ ಮೇಲೆ ಎನಾಮೆಲ್ ಬೇಗ ಒಣಗುವುದಿಲ್ಲ, ದಿನ ಕಳೆದರೂ ಕೈಗೆ ಅಂಟುತ್ತದೆ, ಒಣಗಿದ ಮೇಲೆ ಬಗ್ಗಿಸಿದರೆ ಬಿರಿಯುತ್ತದೆ. ಅದಕ್ಕಿಂತ ದೊಡ್ಡ ಮಾತು ಬೇರೆ. ಹಳೆಯ ಎನಾಮೆಲ್ಲುಗಳಲ್ಲಿ, ಅದರಲ್ಲೂ ಹಳದಿ ಮತ್ತು ಕೆಂಪಿನಲ್ಲಿ, ಸೀಸ ಇರುತ್ತಿತ್ತು. ಮನೆಬಳಕೆಯ ಪೈಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಬಾರದು ಎಂಬ ನಿಯಮ 2016ರ ನವೆಂಬರ್‌ನಲ್ಲಿ ಬಂದು 2017ರ ನವೆಂಬರ್ 1ರಿಂದ ಜಾರಿಯಾಯಿತು. ನಿಮ್ಮ ಮೂಲೆಯ ಡಬ್ಬ ಯಾವ ವರ್ಷದ್ದು? ಕಾರ್ಖಾನೆ, ಯಂತ್ರಗಳಿಗೆಂದು ಮಾರುವ ಪೈಂಟಿಗಂತೂ ಆ ನಿಯಮವೇ ಅನ್ವಯಿಸುವುದಿಲ್ಲ. ಮಗುವಿನ ಮೈಗೆ ಸೇರುವ ಸೀಸ ಹೋಗಿ ಕೂರುವುದು ಮೆದುಳಿನ ಬೆಳವಣಿಗೆಯ ಮೇಲೆ, ಅಂದರೆ ನಾವು ದಿನವಿಡೀ ಯಾವುದಕ್ಕಾಗಿ ಗಂಟಲು ಹರಿದುಕೊಳ್ಳುತ್ತೇವೋ ಅದರ ಮೇಲೆ. ಮಕ್ಕಳು ಬಿಲ್ಲಿನ ತುದಿ ಕಚ್ಚುತ್ತಾರೆ, ಕಿರೀಟದ ಅಂಚಿನಲ್ಲಿ ಬೆವರುತ್ತಾರೆ, ಅದೇ ಕೈಯಲ್ಲಿ ಮಧ್ಯಾಹ್ನದ ಊಟ ಮಾಡುತ್ತಾರೆ.

ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಹಿಡಿಯಿರಿ. ಪುಟ್ಟ ಬಾಟಲಿಗಳು ದುಬಾರಿ ಎನ್ನುವವರಿಗೆ ಒಂದು ಉಪಾಯ: ಊರಿನಲ್ಲಿ ಯಾರದಾದರೂ ಮನೆಯ ಹೊರಗೋಡೆಗೆ ಪೈಂಟ್ ಆಗಿರುತ್ತದೆ. ಆ ಎಮಲ್ಷನ್ ಕೂಡ ಅಕ್ರಿಲಿಕ್ಕೇ, ಬಿಸಿಲು ಮಳೆಗೆ ಬಿರಿಯಬಾರದೆಂದು ಸ್ವಲ್ಪ ಹಿಗ್ಗುವ ಗುಣ ಅದಕ್ಕಿರುತ್ತದೆ. ಈಚೆಗೆ ಕೊಂಡ ಡಬ್ಬದ ತಳದಲ್ಲಿ ಉಳಿದದ್ದು ಒಂದು ನಾಟಕಕ್ಕೆ ಧಾರಾಳ ಸಾಕು. ಡಿಸ್ಟೆಂಪರ್ ಬೇಡ, ಅದು ಪುಡಿಯಾಗಿ ರಾಜನ ಹೆಗಲ ಮೇಲೆ ಉದುರುತ್ತದೆ. ಪೋಸ್ಟರ್ ಕಲರ್ ಬೆವರಿಗೆ ಕರಗಿ ಮುಖಕ್ಕೆ ಇಳಿಯುತ್ತದೆ.

ಬಣ್ಣಕ್ಕೆ ಮೊದಲು ಫೋಮಿನ ಸಣ್ಣ ರಂಧ್ರ ಮುಚ್ಚಬೇಕು. ಬಿಳಿ ಫೆವಿಕಾಲಿಗೆ ಸಮಪಾಲು ನೀರು ಬೆರೆಸಿ ಮೂರು ನಾಲ್ಕು ಸಲ ತೆಳ್ಳಗೆ, ಪ್ರತಿ ಸಲವೂ ಒಣಗಲು ಬಿಟ್ಟು ಹಚ್ಚಬೇಕು. ಅವಸರದಲ್ಲಿ ಒಂದೇ ಸಲ ದಪ್ಪಗೆ ಬಳಿದರೆ ಬಗ್ಗುವಲ್ಲಿ ಒಡೆಯುತ್ತದೆ. ಈ ಅಂಟು ಬೆವರಿಗೆ ಮೆತ್ತಗಾಗುವುದರಿಂದ ಕಿರೀಟದ ಒಳಗೆ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಇರಲಿ. ಆಮೇಲೆ ಇಡೀ ಗದೆಗೆ ಕಪ್ಪು ಬಳಿಯಿರಿ. ಹೌದು, ಕಪ್ಪು! ಅದು ಒಣಗಿದ ಮೇಲೆ ಬ್ರಶ್ಶನ್ನು ಚಿನ್ನದ ಅಕ್ರಿಲಿಕ್ಕಿನಲ್ಲಿ ಅದ್ದಿ, ಹಳೆ ಬಟ್ಟೆಗೆ ಒರೆಸಿ, ಬ್ರಶ್ಶಿನಲ್ಲಿ ಬಣ್ಣವೇ ಇಲ್ಲವೇನೋ ಎನ್ನುವಷ್ಟಾದಾಗ ಉಬ್ಬಿದ ಕಡೆ ಮಾತ್ರ ಮೆಲ್ಲಗೆ ಸವರಿ. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ, ಉಬ್ಬಿನಲ್ಲಿ ಚಿನ್ನ ಹೊಳೆಯುತ್ತದೆ. ನೂರು ವರ್ಷದ ಹಳೆ ಹಿತ್ತಾಳೆಯ ಹಾಗೆ ಕಾಣುತ್ತದೆ. ಸ್ಪ್ರೇ ಡಬ್ಬಿಯ ಚಿನ್ನ ಇದರ ಮುಂದೆ ಚಾಕಲೇಟಿನ ಕಾಗದ. ಚಿನ್ನದ ಅರ್ಧ ಬಾಟಲಿ ಮಿಕ್ಕುತ್ತದೆ, ಅದು ಬೇರೆ ಲಾಭ.

ಈಗ ಯಕ್ಷಗಾನದವರ ಆಕ್ಷೇಪ. "ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ಚಪ್ಪಲಿಯ ಫೋಮಿನಲ್ಲಿ ಕಿರೀಟ ಮಾಡ್ತೀರಾ ಮಾರಾಯ್ರೇ?" ಎಂದು ಹಿರಿಯರೊಬ್ಬರು ಮುಖಕ್ಕೇ ಕೇಳಿದರು. ಅವರ ಸಿಟ್ಟಿನಲ್ಲಿ ಅರ್ಧ ನಮ್ಮದೂ ಹೌದು. ಹಗುರ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿದ ಕಿರೀಟಕ್ಕೆ ಫೋಮ್ ಎಂದೂ ಸಾಟಿಯಾಗದು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಅಲ್ಲಿಗೆ ಹೋಗುವ ತಂಡ ಮೇಳದ ಬಣ್ಣದ ಪೆಟ್ಟಿಗೆಯಿಂದಲೇ ವೇಷ ತರಲಿ, ಅದರ ಭಾರವನ್ನು ತಲೆಯಲ್ಲಿ ಹೊತ್ತೇ ಹೆಜ್ಜೆ ಕಲಿಯಲಿ. ನಾವು ಹೇಳುತ್ತಿರುವುದು ವಾರ್ಷಿಕೋತ್ಸವದ ನಾಟಕದ ಬಗ್ಗೆ, ಛದ್ಮವೇಷದ ಬಗ್ಗೆ, ಒಂದನೇ ಕ್ಲಾಸಿನ ಪುಟ್ಟ ಹನುಮಂತನ ಬಗ್ಗೆ. ಅಲ್ಲಿ ಈಗ ಇರುವುದು ಮರದ ಕಿರೀಟ ಅಲ್ಲವಲ್ಲ, ಥರ್ಮೋಕೋಲ್! ಅದಕ್ಕೆ ಇಲ್ಲದ ಆಕ್ಷೇಪ ಫೋಮಿಗೆ ಯಾಕೆ?

ಆದರೆ ಒಂದು ಕಡೆ ಹಿರಿಯರ ಮಾತಿಗೆ ನಾವು ಪೂರ್ತಿ ತಲೆಬಾಗುತ್ತೇವೆ. ರಾಕ್ಷಸನ ಪ್ರವೇಶಕ್ಕೆ ದೊಂದಿ ಹಿಡಿದು ರಾಳದ ಪುಡಿ ಎರಚುವ ಆಸೆ ನಮ್ಮ ಮಕ್ಕಳಿಗೂ ಇದೆ, ಕೆಲವು ಮಾಷ್ಟ್ರುಗಳಿಗೆ ಮಕ್ಕಳಿಗಿಂತ ಜಾಸ್ತಿ. ಫೋಮ್ ತೊಟ್ಟ ಮಗುವಿನ ಹತ್ತಿರ ಬೆಂಕಿ ಸುಳಿಯಲೇ ಕೂಡದು. ಇವಿಎ ಆಗಲಿ ಥರ್ಮೋಕೋಲ್ ಆಗಲಿ ಉರಿದರೆ ಕರಗಿ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ್ದು ಚರ್ಮಕ್ಕೆ ಅಂಟಿ ಉರಿಯುತ್ತದೆ. ದೀಪ ಬೆಳಗಿಸುವ ಉದ್ಘಾಟನೆಯ ಹೊತ್ತಿಗೂ ವೇಷಧಾರಿಗಳು ದೂರವೇ ನಿಲ್ಲಲಿ. ಅತಿಥಿಗಳ ಫೋಟೋಗೆ ಚಂದ ಕಾಣುತ್ತದೆ ಎಂದು ಪುಟ್ಟ ಕೃಷ್ಣನನ್ನು ಕಾಲುದೀಪದ ಪಕ್ಕ ನಿಲ್ಲಿಸುವ ಪದ್ಧತಿಯನ್ನು ಈ ವರ್ಷವೇ ಬಿಡಿ.

ಫೋಮ್ ದೇವರೇನೂ ಅಲ್ಲ. ಗುರಾಣಿಗೆ, ಎದೆಕವಚಕ್ಕೆ ನಮ್ಮ ತೋಟದ ಅಡಿಕೆ ಹಾಳೆಯೇ ಮೇಲು. ಮುಟ್ಟಾಳೆ ಕಟ್ಟುವ ಅಜ್ಜ ಇರುವ ಊರಿನಲ್ಲಿ ಅಂಗಡಿಯಿಂದ ಗುರಾಣಿ ತರುವುದು ನಾಚಿಕೆ. ನೀರಿನಲ್ಲಿ ನೆನೆಹಾಕಿದರೆ ಹಾಳೆ ಮೆತ್ತಗಾಗುತ್ತದೆ, ಬೇಕಾದಂತೆ ಬಗ್ಗಿಸಿ ಕಟ್ಟಿ ಒಣಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಆಟ ಮುಗಿದ ಮೇಲೆ, ಬಣ್ಣ ಹಚ್ಚದ ಹಾಳೆಯನ್ನು ತೋಟದ ಬುಡಕ್ಕೆ ಹಾಕಿದರೂ ಆಯಿತು.

ಇವಿಎಗೆ ಆ ಭಾಗ್ಯವಿಲ್ಲ. ಅದೂ ಪ್ಲಾಸ್ಟಿಕ್ಕೇ, ಮಣ್ಣಿನಲ್ಲಿ ಕೊಳೆಯದು. ಹೊಸ ಚಾಪೆಗೆ ಒಂದು ವಾಸನೆ ಇರುತ್ತದೆ. ಬೆಲ್ಜಿಯಂ ದೇಶ ಫಾರ್ಮಮೈಡ್ ಎಂಬ ರಾಸಾಯನಿಕದ ಕಾರಣಕ್ಕೆ 2010ರಲ್ಲಿ ಇಂಥ ಆಟದ ಚಾಪೆಗಳ ಮಾರಾಟವನ್ನೇ ತಡೆದಿತ್ತು. ಹೊಸದನ್ನು ತಂದರೆ ಬಿಚ್ಚಿ, ಕೆಲವು ದಿನ ಗಾಳಿಗೆ ಹಾಕಿಡಿ. ಅಂಗನವಾಡಿಯಲ್ಲಿ ಸವೆದು ಬದಲಾಯಿಸಿದ ಹಳೆ ಚಾಪೆ ಸಿಕ್ಕರೆ ಅದೇ ಒಳ್ಳೆಯದು, ಗದೆಗೆ ಹೊಸದು ಯಾಕೆ? ಥರ್ಮೋಕೋಲ್ ಬಿಟ್ಟು ಇದನ್ನು ಹಿಡಿಯುವುದಕ್ಕೆ ಅರ್ಥ ಬರಬೇಕಾದರೆ ಒಂದು ಗದೆ ಹತ್ತು ಭೀಮರನ್ನು ಕಾಣಬೇಕು. ಥರ್ಮೋಕೋಲಿನದು ಒಂದೇ ರಾತ್ರಿಯ ಆಯುಷ್ಯ. ಮರುದಿನ ಶಾಲೆಯ ಹಿಂದೆ ಅದಕ್ಕೆ ಬೆಂಕಿ, ಕರಿ ಹೊಗೆ. ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಚೂರುಚೂರಾದ, ಪೈಂಟ್ ಮೆತ್ತಿದ ಥರ್ಮೋಕೋಲನ್ನು ಚೀಲದಲ್ಲಿ ತುಂಬಿ ಕೊಡಲು ನಮಗೇ ಮುಖವಿಲ್ಲ, ಅದಕ್ಕೇ ಸುಡುವುದು.

"ಇಷ್ಟಕ್ಕೆಲ್ಲ ಸಮಯ ಎಲ್ಲಿದೆ?" ಇದು ಕೊನೆಯ ತಕರಾರು, ಎಲ್ಲ ಸ್ಟಾಫ್ ರೂಮುಗಳದ್ದು. ಹಿಂದಿನ ಸಂಜೆ ಕೂತರೆ ಖಂಡಿತ ಇಲ್ಲ. ಓಣಂ ರಜೆ ಮುಗಿಸಿ ಬಂದ ಮೇಲೆ ಶುರುಮಾಡಿದರೆ ವಾರಕ್ಕೊಂದು ಕ್ರಾಫ್ಟ್ ಪಿರಿಯಡ್ ಸಾಕಾಗಿ ಮಿಗುತ್ತದೆ. ನಮ್ಮಲ್ಲಿ ಕಳೆದ ವರ್ಷ ಎರಡು ಗದೆ, ನಾಲ್ಕು ಕಿರೀಟ, ಒಂದು ಜಟಾಯುವಿನ ರೆಕ್ಕೆ ಹೀಗೇ ಆದವು. ಜಟಾಯುವಿನ ರೆಕ್ಕೆ ಸ್ವಲ್ಪ ಬಾತುಕೋಳಿಯ ಹಾಗೆ ಕಂಡಿತು, ಒಪ್ಪುತ್ತೇವೆ. ಗದೆಯ ಒಳಮೈಯಲ್ಲಿ, ಎಸಳು ಅಂಟಿಸುವ ಮುಂಚೆ, ಮಾಡಿದ ಮಕ್ಕಳೆಲ್ಲ ಕನ್ನಡದಲ್ಲಿ ತಮ್ಮ ತಮ್ಮ ಹೆಸರು ಬರೆದಿದ್ದಾರೆ. ಹೊರಗೆ ಯಾರಿಗೂ ಕಾಣುವುದಿಲ್ಲ. ಪಕ್ಕದೂರಿನ ಇಂಗ್ಲಿಷ್ ಮೀಡಿಯಂ ಶಾಲೆಯವರು ಈ ಸಲ ಆ ಗದೆಯನ್ನು ಒಂದು ದಿನಕ್ಕೆ ಕೇಳಿದ್ದಾರೆ. ಕೊಡುವುದೋ ಬೇಡವೋ ಎಂದು ಏಳನೇ ಕ್ಲಾಸಿನವರು ಇನ್ನೂ ತೀರ್ಮಾನ ಮಾಡಿಲ್ಲ.